ಪಟ್ಟಿ ಬಾಯಿಗೆ ಬಂದಿದೆ, ಪ್ರಶ್ನೆಗೆ ಉತ್ತರ ಬರುತ್ತಿಲ್ಲ

ಪ್ರಶ್ನೆ: ನಾವು ಲಿಂಗಸುಗೂರು ತಾಲ್ಲೂಕಿನ ಒಂದು ಹಳ್ಳಿಯವರು. ಮಗಳು ಊರಿನ ಸರ್ಕಾರಿ ಶಾಲೆಯಲ್ಲಿ 5ನೇ ತರಗತಿ ಓದುತ್ತಿದ್ದಾಳೆ. ನವೋದಯ, ಮೊರಾರ್ಜಿ ಎರಡೂ ವಸತಿ ಶಾಲೆಗಳ 6ನೇ ತರಗತಿ ಪ್ರವೇಶ ಪರೀಕ್ಷೆ ಬರೆಸಬೇಕೆಂದಿದ್ದೇವೆ. ಗಣಿತ ಪರವಾಗಿಲ್ಲ. ಕನ್ನಡದಲ್ಲಿ ಪದಗಳ ಅರ್ಥ ಕೇಳಿದಲ್ಲೇ ಅಂಕ ಹೋಗುತ್ತಿದೆ. ಗೈಡಿನಲ್ಲಿರುವ ಸಮಾನಾರ್ಥಕ ಪದಗಳ ಪಟ್ಟಿಯಿಂದ ದಿನಕ್ಕೆ ಇಪ್ಪತ್ತು ಸಾಲು ಬರೆಸಿ ಬಾಯಿಪಾಠ ಮಾಡಿಸುತ್ತೇನೆ. ಕೇಳಿದರೆ ಗಡಗಡ ಒಪ್ಪಿಸುತ್ತಾಳೆ. ಆದರೆ ಮಾದರಿ ಪ್ರಶ್ನೆಪತ್ರಿಕೆ ಕೊಟ್ಟರೆ 'ಅನಲ' ಅಂದರೆ ಗಾಳಿ ಎಂದು ಗುರುತು ಹಾಕುತ್ತಾಳೆ, 'ಬಿರುಸು' ಅಂದರೆ ಒರಟು ಎನ್ನುತ್ತಾಳೆ. ಟ್ಯೂಷನ್ ಸರ್ ಸಾವಿರ ಪದ ಬಾಯಿಗೆ ಬಂದರೆ ಭಯವಿಲ್ಲ ಎಂದಿದ್ದಾರೆ. ನಮ್ಮ ಮೈದುನ, ಮನೆಯಲ್ಲಿ ಹಳ್ಳಿ ಭಾಷೆ ಬಿಟ್ಟು ಪುಸ್ತಕದ ಕನ್ನಡ ಮಾತಾಡಿ ಎನ್ನುತ್ತಾನೆ. ಯಜಮಾನರು ಪಟ್ಟಣದ ಕೋಚಿಂಗಿಗೆ ಹಾಕಿ ಅಲ್ಲೇ ಶಾಲೆಗೂ ಸೇರಿಸೋಣ ಎನ್ನುತ್ತಿದ್ದಾರೆ. ಪರೀಕ್ಷೆಗೆ ಇನ್ನು ನಾಲ್ಕು ತಿಂಗಳಿದೆ. ಈಗ ಪಟ್ಟಿ ಕಂಡರೇ ಮಗು ಅಳುತ್ತದೆ. ಏನು ಮಾಡಲಿ?

ಉತ್ತರ: ಮೊದಲು ಪಟ್ಟಿ ಬರೆಸುವುದನ್ನು ಒಂದು ವಾರ ನಿಲ್ಲಿಸಿ. ಹತ್ತು ವರ್ಷದ ಮಗು ಪದಗಳನ್ನು ಕಂಡು ಅಳುವ ಹಂತಕ್ಕೆ ಬಂದರೆ ಆಮೇಲೆ ಎಷ್ಟು ಬರೆಸಿದರೂ ಕೈ ಬರೆಯುತ್ತದೆಯೇ ಹೊರತು ತಲೆಗೆ ಹೋಗುವುದಿಲ್ಲ. ನಾಲ್ಕು ತಿಂಗಳಿರುವಾಗ ಒಂದು ವಾರದಲ್ಲಿ ಕಳೆದುಕೊಳ್ಳುವಂಥದ್ದು ಏನೂ ಇಲ್ಲ.

ನಿಮ್ಮ ಪತ್ರ ಓದಿದಾಗ ನನಗೆ ಕಂಡ ಆತಂಕ ಇದು: ಮಗಳು ಕಷ್ಟಪಡುತ್ತಿದ್ದಾಳೆ, ನೆನಪಿನ ಶಕ್ತಿಯೂ ಇದೆ, ಆದರೂ ಅಂಕ ಬರುತ್ತಿಲ್ಲ, ಹಾಗಾದರೆ ಕೊರತೆ ಅವಳದೋ, ನಮ್ಮ ಮನೆಯದೋ, ಊರಿನ ಶಾಲೆಯದೋ? ಮೂರರದ್ದೂ ಅಲ್ಲ. ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಕಲಿಸುತ್ತ, ಇಂಥ ಪರೀಕ್ಷೆಗಳಿಗೆ ಮಕ್ಕಳನ್ನು ತಯಾರು ಮಾಡುತ್ತ ಬಂದ ನನಗೆ, ಗಡಗಡ ಒಪ್ಪಿಸಿ ತಪ್ಪು ಗುರುತು ಹಾಕುವ ಮಕ್ಕಳು ಪ್ರತಿ ವರ್ಷ ಸಿಗುತ್ತಾರೆ. ಬಹುತೇಕರು ಚುರುಕು ಮಕ್ಕಳೇ. ಅವರಿಗೆ ಕಲಿಸಿದ್ದು ಒಂದು, ಪರೀಕ್ಷೆ ಕೇಳಿದ್ದು ಇನ್ನೊಂದು.

ಪರೀಕ್ಷೆ ಏನು ಕೇಳುತ್ತದೆ ನೋಡಿ. ನವೋದಯದ 6ನೇ ತರಗತಿ ಪ್ರವೇಶ ಪರೀಕ್ಷೆಯಲ್ಲಿ 80 ಪ್ರಶ್ನೆ, 100 ಅಂಕ, ಎರಡು ಗಂಟೆ. ಮಾನಸಿಕ ಸಾಮರ್ಥ್ಯಕ್ಕೆ 40 ಪ್ರಶ್ನೆ, 50 ಅಂಕ. ಅಂಕಗಣಿತಕ್ಕೆ 20 ಪ್ರಶ್ನೆ, 25 ಅಂಕ. ಭಾಷೆಗೂ ಅಷ್ಟೇ, 20 ಪ್ರಶ್ನೆ, 25 ಅಂಕ. ಈ ಭಾಷಾ ವಿಭಾಗದಲ್ಲಿ ಸಮಾನಾರ್ಥಕ ಪದಗಳಿಗೆಂದೇ ಬೇರೆ ಭಾಗವಿಲ್ಲ. ನಾಲ್ಕು ಗದ್ಯಭಾಗ ಕೊಟ್ಟು ಒಂದೊಂದಕ್ಕೆ ಐದು ಪ್ರಶ್ನೆ ಕೇಳುತ್ತಾರೆ. ಆ ಐದರಲ್ಲಿ ಸಾಮಾನ್ಯವಾಗಿ ಒಂದೆರಡು, ಗದ್ಯದಲ್ಲೇ ಬಂದಿರುವ ಪದದ ಅರ್ಥವನ್ನೋ ವಿರುದ್ಧಾರ್ಥವನ್ನೋ ಕೇಳುವಂಥವು. ಅಂದರೆ ಪದ ಯಾವಾಗಲೂ ವಾಕ್ಯದ ಒಳಗೆ ಕೂತಿರುತ್ತದೆ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ಮುಂತಾದ ವಸತಿ ಶಾಲೆಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಪರೀಕ್ಷೆಯ ಸ್ವಭಾವ ಸ್ವಲ್ಪ ಬೇರೆ. ಅಲ್ಲಿ ಸಮಾನಾರ್ಥಕ, ವಿರುದ್ಧಾರ್ಥಕ, ತತ್ಸಮ-ತದ್ಭವದಂಥ ಬಿಡಿ ಪ್ರಶ್ನೆಗಳು ಬರುತ್ತವೆ, ಆದರೆ ಅವು ನಿಮ್ಮ ಮಗಳ ಪಠ್ಯಪುಸ್ತಕದ ಮಟ್ಟದ ಪದಗಳು. 4 ಮತ್ತು 5ನೇ ತರಗತಿಯ ಕನ್ನಡ ಪುಸ್ತಕದ ಪ್ರತಿ ಪಾಠದ ಕೊನೆಯಲ್ಲಿ ಕೊಟ್ಟಿರುವ ಪದಗಳ ಅರ್ಥ ಮತ್ತು ಅಭ್ಯಾಸಗಳನ್ನು ಪೂರ್ತಿ ಮುಗಿಸದೆ ಗೈಡಿನ ಪಟ್ಟಿಗೆ ಕೈ ಹಾಕಬಾರದು.

ಇನ್ನು ಅವಳು ತಪ್ಪಿದ 'ಬಿರುಸು' ಪ್ರಶ್ನೆಗೆ ಬರೋಣ. ನೀವು ಪತ್ರದ ಜೊತೆ ಕಳಿಸಿದ ಹಾಳೆಯಲ್ಲಿ ಅದು ಹೀಗಿದೆ: "ರೈತನು ಎತ್ತುಗಳನ್ನು ಹೊಡೆದುಕೊಂಡು ಮನೆಯ ಹಾದಿ ಹಿಡಿದನು. ಹಳ್ಳ ದಾಟುವಷ್ಟರಲ್ಲಿ ಮಳೆ ಬಿರುಸಾಯಿತು. ಅವನ ಮೈಯೆಲ್ಲ ತೊಯ್ದು ತೊಪ್ಪೆಯಾಯಿತು." ಕೆಳಗೆ ಬಿರುಸು ಪದದ ಅರ್ಥಕ್ಕೆ ಕೊಟ್ಟ ಆಯ್ಕೆಗಳು: ನಿಧಾನ, ಜೋರು, ಒರಟು, ಗಟ್ಟಿ. ಮಗಳು ಒರಟು ಎಂದಳು. ಯಾಕೆಂದರೆ ಗೈಡಿನಲ್ಲಿ 'ಬಿರುಸು: ಒರಟು, ಗಡಸು' ಎಂದಿದೆ. ನಿಘಂಟಿನಲ್ಲೂ ಆ ಅರ್ಥ ಇದೆ, ಆದ್ದರಿಂದ ಅವಳು ಕಲಿತದ್ದು ಸುಳ್ಳಲ್ಲ. ಆದರೆ ಇಲ್ಲಿ ಆ ಅರ್ಥ ಹೊಂದುವುದಿಲ್ಲ. ನಾಲ್ಕು ಆಯ್ಕೆಗಳನ್ನೂ ಒಂದೊಂದಾಗಿ ವಾಕ್ಯದಲ್ಲಿ ಇಟ್ಟು ಬಾಯಿಬಿಟ್ಟು ಓದಿಸಿ. 'ಮಳೆ ಒರಟಾಯಿತು' ಎಂದಾಗಲೇ ಅವಳಿಗೆ ನಗು ಬರುತ್ತದೆ. 'ಮಳೆ ಗಟ್ಟಿಯಾಯಿತು', ಅದನ್ನೂ ಯಾರೂ ಹೇಳುವುದಿಲ್ಲ. 'ಮಳೆ ನಿಧಾನವಾಯಿತು' ವಾಕ್ಯವಾಗಿ ಸರಿಯೇ, ಆದರೆ ಮೈಯೆಲ್ಲ ತೊಯ್ದು ತೊಪ್ಪೆಯಾಯಿತು ಎಂಬ ಮುಂದಿನ ಮಾತು ಅದಕ್ಕೆ ಅಡ್ಡ ಬರುತ್ತದೆ. ಉಳಿದದ್ದು ಜೋರು. ಬಿರುಸು ಎಂಬ ಪದವನ್ನು ಕೇಳಿಯೇ ಇರದ ಮಗು ಕೂಡ ಈ ದಾರಿಯಲ್ಲಿ ಉತ್ತರ ಮುಟ್ಟಬಹುದು. ಪಟ್ಟಿ ಮಾತ್ರ ಓದಿಕೊಂಡ ಮಗು ಮುಟ್ಟುವುದಿಲ್ಲ.

ಹೀಗೆ ಪದವನ್ನು ಬದಲಿಸಿ ಓದಿ ನೋಡುವುದನ್ನು ಒಂದು ಅಭ್ಯಾಸವಾಗಿ ಕೂರಿಸಿದರೆ ನವೋದಯದ ಪದ-ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕಷ್ಟ ಅಲ್ಲಿಗೇ ತೀರುತ್ತದೆ ಎನ್ನುವುದು ನನ್ನ ಅನುಭವ. ಪರೀಕ್ಷಾ ಕೊಠಡಿಯಲ್ಲಿ ಬಾಯಿಬಿಟ್ಟು ಓದುವಂತಿಲ್ಲ, ಆದ್ದರಿಂದ ಕೊನೆಯ ತಿಂಗಳಲ್ಲಿ ತುಟಿ ಅಲ್ಲಾಡಿಸದೆ ಮನಸ್ಸಿನಲ್ಲೇ ಓದಿ ನೋಡುವುದನ್ನು ರೂಢಿ ಮಾಡಿಸಿ.

'ಅನಲ' ತಪ್ಪಿದ್ದರ ಕಾರಣ ಬೇರೆ. ಗೈಡಿನಲ್ಲಿ ಬೆಂಕಿಯ ಸಾಲು, ಗಾಳಿಯ ಸಾಲು ಹತ್ತಿರ ಹತ್ತಿರ ಇರುತ್ತವೆ. ಬೆಂಕಿಗೆ ಅಗ್ನಿ, ಅನಲ, ಪಾವಕ, ವಹ್ನಿ, ಕಿಚ್ಚು. ಗಾಳಿಗೆ ವಾಯು, ಅನಿಲ, ಪವನ, ಮಾರುತ, ಸಮೀರ. ಅನಲ-ಅನಿಲ, ಪಾವಕ-ಪವನ: ಕಿವಿಗೆ ಒಂದೇ ಥರ ಕೇಳುವ ಈ ಜೋಡಿಗಳನ್ನು ಒಂದೇ ದಿನ, ಒಂದೇ ಪುಟದಲ್ಲಿ, ಯಾವ ವಾಕ್ಯವೂ ಇಲ್ಲದೆ ಕಲಿತರೆ ಕಲಸಿಹೋಗದೆ ಇನ್ನೇನಾಗುತ್ತದೆ? ಅರ್ಥ ಹತ್ತಿರವಿರುವ ಹೊಸ ಪದಗಳನ್ನು ಒಟ್ಟಿಗೆ ಕಲಿಸಿದರೆ ಒಂದು ಇನ್ನೊಂದನ್ನು ಕೆಡಿಸುತ್ತದೆ ಎಂದು ಭಾಷಾ ಕಲಿಕೆಯ ಅಧ್ಯಯನಗಳೂ 1990ರ ದಶಕದಿಂದ ಹೇಳುತ್ತಿವೆ. ಸಮಾನಾರ್ಥಕ ಪದಗಳ ಪಟ್ಟಿ ಎಂದರೆ ಅದೇ, ಅರ್ಥ ಒಂದೇ ಇರುವ ಹೊಸ ಪದಗಳ ಗುಂಪು. ಐದು ಪದಗಳನ್ನು ಒಂದೇ ಉಸಿರಿನಲ್ಲಿ ಒಪ್ಪಿಸುವ ಮಗುವಿಗೆ ನಡುವಿನ ಮೂರನೆಯದನ್ನು ಒಂಟಿಯಾಗಿ ತೋರಿಸಿ ಕೇಳಿದರೆ ತಡವರಿಸುತ್ತದೆ. ಅದು ಕಲಿತದ್ದು ಸಾಲಿನ ರಾಗವನ್ನು.

ಬಾಯಿಪಾಠವೇ ಕೆಟ್ಟದ್ದು ಎಂದು ಇದರರ್ಥವಲ್ಲ. ನಿಮ್ಮ ಟ್ಯೂಷನ್ ಸರ್ ಅವರ ಮನಸ್ಸಿನಲ್ಲಿ ಹಿಂದಿನವರು ಸಂಸ್ಕೃತದ ಸಮಾನಾರ್ಥಕ ಪದಗಳ ಕೋಶವಾದ ಅಮರಕೋಶ ಬಾಯಿಪಾಠ ಮಾಡುತ್ತಿದ್ದ ನೆನಪು ಇದ್ದಿರಬಹುದು. ಮಾಡುತ್ತಿದ್ದರು, ನಿಜ. ಆದರೆ ಅದು ಶ್ಲೋಕ. ಛಂದಸ್ಸು ಪದಗಳನ್ನು ಹಿಡಿದುಕೊಳ್ಳುತ್ತಿತ್ತು. ಅದರ ಬೆನ್ನಿಗೇ ವರ್ಷಗಟ್ಟಲೆ ಗುರುವಿನ ಎದುರು ಕಾವ್ಯದ ಓದು ನಡೆಯುತ್ತಿತ್ತು, ಬಾಯಿಪಾಠ ಮಾಡಿದ ಪದ ಅಲ್ಲಿ ಮತ್ತೆ ಮತ್ತೆ ಎದುರಾಗುತ್ತಿತ್ತು. ಗೈಡಿನ ಪಟ್ಟಿಗೆ ಛಂದಸ್ಸೂ ಇಲ್ಲ, ಹಿಂದೆ ಓದೂ ಇಲ್ಲ. 1885ರಲ್ಲಿ ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹಾಸ್ ಮರೆವಿನ ಮೇಲೆ ನಡೆಸಿದ ಪ್ರಯೋಗಗಳನ್ನು ಪ್ರಕಟಿಸಿದ. ಅವನು ಕಲಿತು ನೋಡಿದ್ದು ಅರ್ಥವೇ ಇಲ್ಲದ ಅಕ್ಷರಗುಚ್ಛಗಳನ್ನು, ಅದರಲ್ಲಿ ಹೆಚ್ಚಿನ ಪಾಲು ಮೊದಲ ಒಂದೆರಡು ದಿನದಲ್ಲೇ ಮರೆತುಹೋಗುತ್ತಿತ್ತು. ಒಂದು ವಾಕ್ಯದಲ್ಲೂ ಕೇಳಿರದ ಮಗುವಿಗೆ ಕ್ಷಿತಿ, ಅವನಿ, ಮೇದಿನಿ ಕೂಡ ಹೆಚ್ಚುಕಡಿಮೆ ಅಂಥ ಅಕ್ಷರಗುಚ್ಛಗಳೇ. ಸಾವಿರ ಪದ ಬೇಡ. ಗಟ್ಟಿಯಾಗಿ ಗೊತ್ತಿರುವ ಇನ್ನೂರು-ಮುನ್ನೂರು ಪದ ಮತ್ತು ವಾಕ್ಯದಿಂದ ಅರ್ಥ ತೆಗೆಯುವ ಧೈರ್ಯ ಇದ್ದರೆ ಈ ಮಟ್ಟದ ಪರೀಕ್ಷೆಗೆ ಸಾಕು.

ಹಾಗಾದರೆ ಹೇಗೆ ಕಲಿಸುವುದು? ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ಮಕ್ಕಳ ಮುಖ ಅರಳುವುದನ್ನು ನಾನು ಹೆಚ್ಚು ಕಂಡಿರುವುದು ಈ ಪಾಠದಲ್ಲೇ.

ಕನ್ನಡದ ಸಮಾನಾರ್ಥಕ ಪದಗಳಲ್ಲಿ ದೊಡ್ಡ ಪಾಲು ಸಂಸ್ಕೃತದಿಂದ ಬಂದವು, ಅವುಗಳಲ್ಲಿ ಬಹಳಷ್ಟು ತುಂಡು ತುಂಡು ಸೇರಿ ಆದವು. ನೀರಿಗೆ ಇರುವ ಐದು ಹೆಸರು ಮೊದಲು, ದಿನಕ್ಕೊಂದರಂತೆ ಕಲಿಸಿ: ಜಲ, ನೀರ, ವಾರಿ, ಅಂಬು, ಪಯ. ಆಮೇಲೆ ಮೂರು ಬಾಲ ಕಲಿಸಿ. 'ಜ' ಅಂದರೆ ಹುಟ್ಟಿದ್ದು. 'ದ' ಅಂದರೆ ಕೊಡುವುದು. 'ಧಿ' ಅಂದರೆ ತುಂಬಿಟ್ಟುಕೊಂಡಿರುವುದು. ನೀರಿನಲ್ಲಿ ಹುಟ್ಟಿದ್ದು ತಾವರೆ: ಜಲಜ, ನೀರಜ, ವಾರಿಜ, ಅಂಬುಜ, ಪಯೋಜ. ನೀರು ಕೊಡುವುದು ಮೋಡ: ಜಲದ, ನೀರದ, ವಾರಿದ, ಅಂಬುದ, ಪಯೋದ. ನೀರನ್ನು ತುಂಬಿಟ್ಟುಕೊಂಡಿರುವುದು ಸಮುದ್ರ: ಜಲಧಿ, ನೀರಧಿ, ವಾರಿಧಿ, ಅಂಬುಧಿ, ಪಯೋಧಿ. ಎಂಟು ತುಂಡು ಕಲಿತರೆ ಹದಿನೈದು ಪದ ಕೈಗೆ ಬಂತು. ಇವನ್ನು ನೀವು ಹೇಳಿಕೊಡಬೇಡಿ. ತುಂಡುಗಳನ್ನು ಚೀಟಿಯಲ್ಲಿ ಬರೆದುಕೊಡಿ, ಜೋಡಿಸಿ ಜೋಡಿಸಿ ಅವಳೇ ಪದ ಮಾಡಲಿ, ಅದು ಏನಾಗಿರಬಹುದು ಎಂದು ಅವಳೇ ಊಹಿಸಲಿ. ನೆಲದ ಮೇಲೆ ಕೂತು ಆಡುವ ಆಟ ಇದು, ಅಕ್ಕಪಕ್ಕದ ಮಕ್ಕಳನ್ನೂ ಕರೆಯಬಹುದು.

ಈ ಆಟದಲ್ಲಿ ಇನ್ನೊಂದು ಲಾಭವಿದೆ. 'ಜಲದ' ಪದದ ದ, 'ಜಲಧಿ' ಪದದ ಧ ನಡುವೆ ಇರುವುದು ಅಲ್ಪಪ್ರಾಣ, ಮಹಾಪ್ರಾಣದ ವ್ಯತ್ಯಾಸ. ಆಡುಮಾತಿನಲ್ಲಿ ನಾವು ಅದನ್ನು ಅಷ್ಟಾಗಿ ಗಮನಿಸುವುದಿಲ್ಲ, ಪರೀಕ್ಷೆಯಲ್ಲಿ ಅದೇ ಒಂದು ಗೆರೆ ಅಂಕ ತಪ್ಪಿಸುತ್ತದೆ. ಇಂಥದ್ದೇ ಇನ್ನೊಂದು ಜೋಡಿ ಬಾನು ಮತ್ತು ಭಾನು. ಬಾನು ಆಕಾಶ, ಭಾನು ಸೂರ್ಯ. ಭಾನುವಾರವನ್ನು ನೆನಪಿಸಿದರೆ ಮಗು ಮತ್ತೆ ತಪ್ಪುವುದಿಲ್ಲ. ನಿಮ್ಮ ಕಡೆ ರವಿವಾರ ಎನ್ನುತ್ತೀರಿ, ಕರಾವಳಿಯಲ್ಲಿ ಆದಿತ್ಯವಾರ ಎನ್ನುತ್ತಾರೆ, ಪಠ್ಯಪುಸ್ತಕದಲ್ಲಿ ಭಾನುವಾರ. ಒಂದೇ ರಜಾದಿನದ ಮೂರು ಹೆಸರಿನಲ್ಲಿ ಸೂರ್ಯನಿಗೆ ಮೂರು ಪದ ಸಿಕ್ಕವು.

'ಗ' ಎಂಬ ಬಾಲವನ್ನೂ ಕಲಿಸಿ. ಗ ಅಂದರೆ ಹೋಗುವುದು, ಚಲಿಸುವುದು. ಖ ಅಂದರೆ ಆಕಾಶ. ಆಕಾಶದಲ್ಲಿ ಹೋಗುವುದು ಖಗ, ಹಕ್ಕಿ. ಉರ ಅಂದರೆ ಎದೆ. ಎದೆಯ ಮೇಲೆ ಹರಿಯುವುದು ಉರಗ, ಹಾವು. ವೇಗವಾಗಿ ಓಡುವುದು ತುರಗ, ಕುದುರೆ. ಎಲ್ಲಿಗೂ ಹೋಗದೆ ನಿಂತಲ್ಲೇ ನಿಂತದ್ದು ನಗ, ಬೆಟ್ಟ. ಉರಗ-ತುರಗ ಅದಲುಬದಲು ಮಾಡುವ ಮಕ್ಕಳು ಎದೆ ಎಂಬ ಸುಳಿವು ಸಿಕ್ಕ ಮೇಲೆ ಮಾಡುವುದಿಲ್ಲ. ಭೂ, ಮಹಿ, ಅವನಿ, ಕ್ಷಿತಿ ಎಲ್ಲವೂ ಭೂಮಿ. ಕೊನೆಗೆ 'ಪ' ಅಥವಾ 'ಪತಿ' ಸೇರಿದರೆ ರಾಜ (ಭೂಪ, ಮಹೀಪತಿ, ಅವನಿಪ), 'ಧರ' ಸೇರಿದರೆ ಬೆಟ್ಟ (ಭೂಧರ, ಮಹೀಧರ).

ಎಚ್ಚರಿಕೆಯೂ ಬೇಕು. ಈ ದಾರಿ ಎಲ್ಲ ಕಡೆ ನೇರ ಹೋಗುವುದಿಲ್ಲ. ಜಲಧರ ಅಂದರೆ ನೀರನ್ನು ಹೊತ್ತದ್ದು, ಆದರೆ ಅದು ಸಾಮಾನ್ಯವಾಗಿ ಸಮುದ್ರವಲ್ಲ, ಮೋಡ. ಪಂಕ ಅಂದರೆ ಕೆಸರು, ಪಂಕಜ ಅಂದರೆ ಕೆಸರಿನಲ್ಲಿ ಹುಟ್ಟಿದ್ದು. ಕಪ್ಪೆಯೂ ಕೆಸರಿನಲ್ಲೇ ಇರುತ್ತದೆ, ಅದನ್ನು ಪಂಕಜ ಎನ್ನುವುದಿಲ್ಲ. ಅಂಬುಜ ತಾವರೆಯಾದರೆ ಅನುಜ ತಮ್ಮ, ಅಗ್ರಜ ಅಣ್ಣ. ಅಚ್ಚಗನ್ನಡದ ನೇಸರು, ತಿಂಗಳು, ಕಡಲು, ಮುಗಿಲುಗಳನ್ನು ಹೀಗೆ ಬಿಡಿಸಲು ಬರುವುದಿಲ್ಲ. ಆದ್ದರಿಂದ ತುಂಡಿನಿಂದ ಊಹೆ, ವಾಕ್ಯದಿಂದ ಖಾತ್ರಿ ಎಂಬ ಕ್ರಮ ಇರಲಿ.

ಶಾಲೆಯ ಹಾಜರಿ ಪುಸ್ತಕ, ಊರಿನ ಜನರ ಹೆಸರುಗಳೂ ಒಳ್ಳೆಯ ಪಾಠ. ಸರೋಜಾ, ನೀರಜಾ, ಪಂಕಜಾ ಮೂವರೂ ತಾವರೆ. ದಿನಕರ, ಪ್ರಭಾಕರ, ಭಾಸ್ಕರ ಮೂವರೂ ಸೂರ್ಯ. ಗಿರಿಜಾ ಬೆಟ್ಟದ ಮಗಳು, ಗಜಾನನ ಆನೆ ಮೊಗದವನು. ಅನಲ-ಅನಿಲ ಗೊಂದಲಕ್ಕೂ ಮದ್ದು ಊರಲ್ಲೇ ಇದೆ: ಹಣಮಪ್ಪನ ಗುಡಿಗೆ ಹೋದಾಗ ಅವನಿಗೆ ಮಾರುತಿ, ಪವನಸುತ ಎಂಬ ಹೆಸರು ಯಾಕೆ ಬಂತು ಎಂದು ಕೇಳಿ. ವಾಯುವಿನ ಮಗ ಎಂಬುದು ಅವಳಿಗೆ ಗೊತ್ತಿರುತ್ತದೆ. ಮಾರುತ, ಪವನ ಎರಡೂ ಗಾಳಿ ಎಂದು ಅಲ್ಲೇ ಕೂರುತ್ತದೆ. ಗಾಳಿಯ ಆ ಎರಡು ಪದ ಗಟ್ಟಿಯಾದ ಮೇಲೆ ಒಂದು ವಾರ ಬಿಟ್ಟು ಅನಿಲ ಸೇರಿಸಿ. ಅನಲವನ್ನು ಇನ್ನೂ ಒಂದು ವಾರ ಬಿಟ್ಟು, ದಾವಾನಲ ಅಂದರೆ ಕಾಡ್ಗಿಚ್ಚು ಎಂಬ ಪದದ ಜೊತೆ ಕಲಿಸಿ. ಅಡುಗೆ ಅನಿಲ ಎಂಬ ಮಾತು ಮಕ್ಕಳನ್ನು ದಾರಿ ತಪ್ಪಿಸುತ್ತದೆ, ಒಲೆ ಉರಿಯುವುದರಿಂದ ಅನಿಲವೇ ಬೆಂಕಿ ಎಂದುಕೊಳ್ಳುತ್ತಾರೆ. ಸಿಲಿಂಡರಿನಲ್ಲಿ ಇರುವುದು ಗಾಳಿಯಂಥ ವಸ್ತು, ಬೆಂಕಿ ನಾವು ಹಚ್ಚುವುದು ಎಂದು ಬಿಡಿಸಿ ಹೇಳಿ.

ನಿಮ್ಮ ಮೈದುನನವರ ಸಲಹೆಯನ್ನು ಮಾತ್ರ ಒಪ್ಪಲಾರೆ. ಮನೆಯ ಭಾಷೆ ಬಿಡಬೇಡಿ. ಹಳ್ಳಿ ಭಾಷೆ ಪರೀಕ್ಷೆಗೆ ಅಡ್ಡಿ ಎಂಬುದು ಬಹಳ ಜನ ನಂಬಿರುವ ಸುಳ್ಳು, ಅದು ಮಕ್ಕಳ ಬಾಯನ್ನೇ ಕಟ್ಟುತ್ತದೆ. ನಿಮ್ಮ ಮಗಳಿಗೆ ಹಾದಿ ಗೊತ್ತು, ದಾರಿ ಗೊತ್ತು. ಮಾರ್ಗ, ಪಥ ಎರಡನ್ನು ಸೇರಿಸಿದರೆ ಸಾಕು. ಕೂಸು ಎನ್ನುವ ಮನೆಯಲ್ಲಿ ಬೆಳೆದವಳಿಗೆ ಮಗು, ಶಿಶು, ಹಸುಳೆ ಅದರ ಪಕ್ಕದ ಪದಗಳು. ಓಣಿಗೆ ಬೀದಿ, ಕೇರಿ. ಒಕ್ಕಲಿಗನಿಗೆ ರೈತ, ಕೃಷಿಕ, ಬೇಸಾಯಗಾರ. ಉಳ್ಳಾಗಡ್ಡಿಯನ್ನು ಮೈಸೂರು ಕಡೆ ಈರುಳ್ಳಿ, ಮಂಗಳೂರು ಕಡೆ ನೀರುಳ್ಳಿ ಎನ್ನುತ್ತಾರೆ. ನಿಮ್ಮ ಶೇಂಗಾ ಬೆಂಗಳೂರಿನ ಕಡಲೆಕಾಯಿ. ಒಂದು ವಸ್ತುವಿಗೆ ಹಲವು ಹೆಸರಿರುತ್ತದೆ ಎಂಬ ತಿಳಿವಳಿಕೆಯೇ ಸಮಾನಾರ್ಥಕದ ಬೇರು, ಅದು ನಿಮ್ಮ ಅಡುಗೆಮನೆಯಲ್ಲೇ ಇದೆ. ಮನೆಮಾತಿನ ಪದವನ್ನು ಎಡಕ್ಕೆ, ಪುಸ್ತಕದ ಪದವನ್ನು ಬಲಕ್ಕೆ ಬರೆಯುವ ಒಂದು ನೋಟ್‌ಪುಸ್ತಕ ಮಾಡಿಸಿ. ಅಜ್ಜಿ ಮನೆಯಲ್ಲಿದ್ದರೆ ಎಡಗಡೆಯ ಪದಗಳಿಗೆ ಅವರೇ ಗುರು. ಬರೆಯುವಾಗ ಮಾತ್ರ ಶಿಷ್ಟ ರೂಪ ಬೇಕು ಎಂಬ ವ್ಯತ್ಯಾಸ ಹತ್ತು ವರ್ಷದ ಮಗುವಿಗೆ ಸುಲಭವಾಗಿ ತಿಳಿಯುತ್ತದೆ.

ದಿನದ ಅಭ್ಯಾಸಕ್ಕೆ ಅರ್ಧ ಗಂಟೆ ಸಾಕು. ಹೊಸ ಪದ ದಿನಕ್ಕೆ ಐದಕ್ಕಿಂತ ಹೆಚ್ಚು ಬೇಡ, ಆ ಐದೂ ಬೇರೆ ಬೇರೆ ಅರ್ಥದವು ಇರಲಿ: ಒಂದು ಹೂವಿನದು, ಒಂದು ಗುಣದ್ದು, ಒಂದು ಕೆಲಸದ್ದು. ಪ್ರತಿ ಪದಕ್ಕೂ ಅವಳದೇ ಒಂದು ವಾಕ್ಯ, ಅವಳ ಊರಿನ, ಅವಳ ಮನೆಯ ಸಂಗತಿ ಇರುವಂಥದ್ದು. ಚೀಟಿಯ ಒಂದು ಬದಿ ಪದ, ಇನ್ನೊಂದು ಬದಿ ಆ ವಾಕ್ಯ. ಮರುದಿನ ಒಮ್ಮೆ, ಮೂರು ದಿನ ಬಿಟ್ಟು ಒಮ್ಮೆ, ವಾರ ಬಿಟ್ಟು ಒಮ್ಮೆ, ಎರಡು ವಾರ ಬಿಟ್ಟು ಒಮ್ಮೆ ಕೇಳಿ. ಕೇಳುವಾಗ ಸಾಲಾಗಿ ಕೇಳಬೇಡಿ, ಚೀಟಿಗಳನ್ನು ಕಲಸಿ ಕೇಳಿ. ತಪ್ಪಿದ ಚೀಟಿ ಮರುದಿನದ ಗುಂಪಿಗೆ ವಾಪಸ್. ಉತ್ತರ ಹೇಳುವ ಮೊದಲು ಯೋಚಿಸಲು ಬಿಡಿ, ತಡವರಿಸಿದ ತಕ್ಷಣ ನೀವೇ ಹೇಳಿಬಿಡಬೇಡಿ. ತಡವರಿಸಿ ನೆನಪಿಸಿಕೊಂಡ ಪದ ನಿಲ್ಲುವಷ್ಟು, ನೋಡಿ ಹತ್ತು ಸಲ ಬರೆದ ಪದ ನಿಲ್ಲುವುದಿಲ್ಲ.

ಅರ್ಧ ಗಂಟೆಯಲ್ಲಿ ಚೀಟಿಗೆ ಹದಿನೈದು ನಿಮಿಷ ಹೋದರೆ ಉಳಿದದ್ದು ಓದಿಗೆ. ದಿನಪತ್ರಿಕೆಯ ಮಕ್ಕಳ ಪುಟ, ಶಾಲೆಯ ಗ್ರಂಥಾಲಯದ ಕತೆಪುಸ್ತಕ, ಪಠ್ಯಪುಸ್ತಕದ ಇನ್ನೂ ಮಾಡಿರದ ಪಾಠ, ಯಾವುದಾದರೂ ಸರಿ. ಒಂದು ಪ್ಯಾರಾ ಓದಿ, ಗೊತ್ತಿಲ್ಲದ ಒಂದು ಪದಕ್ಕೆ ಗೆರೆ ಎಳೆದು, ಅಕ್ಕಪಕ್ಕದ ವಾಕ್ಯ ನೋಡಿ ಅರ್ಥ ಊಹಿಸಲಿ. ಆಮೇಲೆ ನಿಘಂಟು ತೆರೆಯಲಿ. ಕನ್ನಡ ಸಾಹಿತ್ಯ ಪರಿಷತ್ತಿನ ಸಂಕ್ಷಿಪ್ತ ಕನ್ನಡ ನಿಘಂಟು ಒಂದು ಮನೆಯಲ್ಲಿದ್ದರೆ ಒಳ್ಳೆಯದು, ಇಲ್ಲದಿದ್ದರೆ ಶಾಲೆಯಲ್ಲಿ ಕೇಳಿ. ಮೊಬೈಲಿನಲ್ಲಿ ನೋಡುವುದಾದರೆ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಭಾರತವಾಣಿಯಲ್ಲಿ ಕನ್ನಡ ನಿಘಂಟುಗಳು ಉಚಿತವಾಗಿ ಸಿಗುತ್ತವೆ.

ನಿಘಂಟು ಬೇಕು ಎನ್ನುವುದಕ್ಕೆ ಇನ್ನೊಂದು ಕಾರಣ ಗೈಡುಗಳು. ಎಲ್ಲ ಗೈಡೂ ಕೆಟ್ಟದ್ದಲ್ಲ, ಮಾದರಿ ಪ್ರಶ್ನೆಗಳಿಗಾಗಿ ಒಂದು ಇಟ್ಟುಕೊಳ್ಳಿ. ಆದರೆ ಪದಗಳ ಪಟ್ಟಿಯಲ್ಲಿ ಅಚ್ಚಿನ ತಪ್ಪು ಸಾಮಾನ್ಯ. ಮಹಾಪ್ರಾಣ ಬಿದ್ದುಹೋಗಿ ಜಲಧಿ ಜಲದಿಯಾಗಿರುತ್ತದೆ, ಮೋಡದ ಪದ ಸಮುದ್ರದ ಸಾಲಿಗೆ ಸೇರಿರುತ್ತದೆ. ಹಲವು ಅರ್ಥದ ಪದಕ್ಕೆ ಒಂದೇ ಅರ್ಥ ಕೊಟ್ಟಿರುತ್ತಾರೆ: ಕರಿ ಅಂದರೆ ಆನೆ ಎಂದು ಬರೆದು ಬಿಡುತ್ತಾರೆ, ಕಪ್ಪು ಎಂಬ ಅರ್ಥ, ಎಣ್ಣೆಯಲ್ಲಿ ಕರಿಯುವ ಅರ್ಥ ಎರಡೂ ಕಾಣುವುದಿಲ್ಲ. ಹರಿ ವಿಷ್ಣುವೂ ಹೌದು, ಸಿಂಹವೂ ಹೌದು, ನದಿ ಹರಿಯುವುದೂ ಹೌದು, ಬಟ್ಟೆ ಹರಿಯುವುದೂ ಹೌದು. ಗೈಡಿನ ಸಾಲನ್ನು ಮಗಳಿಗೆ ಕೊಡುವ ಮೊದಲು ನೀವೊಮ್ಮೆ ನಿಘಂಟಿನಲ್ಲಿ ನೋಡಿಬಿಡಿ.

ಈಗ ಯಜಮಾನರ ಮಾತು. ಕೋಚಿಂಗಿನಿಂದ ಉಪಯೋಗವಿಲ್ಲ ಎಂದು ನಾನು ಹೇಳುವುದಿಲ್ಲ. ಸಮಯ ಇಟ್ಟು ಪತ್ರಿಕೆ ಬಿಡಿಸುವ ಅಭ್ಯಾಸ, ಒಎಂಆರ್ ಹಾಳೆಯಲ್ಲಿ ಉತ್ತರದ ವೃತ್ತ ತುಂಬುವ ರೂಢಿ, ಮಾನಸಿಕ ಸಾಮರ್ಥ್ಯದ ಚಿತ್ರಗಳ ಪ್ರಶ್ನೆ, ಇವನ್ನು ಅವರು ಚೆನ್ನಾಗಿ ಮಾಡಿಸುತ್ತಾರೆ. ಪದಸಂಪತ್ತಿನ ವಿಷಯದಲ್ಲಿ ಬಹಳ ಕಡೆ ನಡೆಯುವುದು ಅದೇ ಪಟ್ಟಿ, ಅದೇ ಬಾಯಿಪಾಠ, ಸಾಲು ಇನ್ನೂ ಹೆಚ್ಚು. ಊಟ-ವಸತಿ ಸೇರಿದ ಶುಲ್ಕ ಒಂದು ಕಡೆಯಾದರೆ, ಪಟ್ಟಿ ಕಂಡು ಅಳುವ ಮಗುವನ್ನು ಮನೆಯಿಂದ ದೂರ ಇರಿಸುವುದು ಇನ್ನೊಂದು ಕಡೆ. ನಿಮ್ಮ ಮಗಳಿಗೆ ಈಗ ಅದು ಬೇಡ ಎಂಬುದು ನನ್ನ ಅಭಿಪ್ರಾಯ. ರಜೆಯಲ್ಲಿ ಅಥವಾ ವಾರದ ಕೊನೆಗೆ ಪತ್ರಿಕೆ ಬರೆಸುವ ವ್ಯವಸ್ಥೆ ಹತ್ತಿರದಲ್ಲಿದ್ದರೆ ಅದು ಒಳ್ಳೆಯದು.

ಆದರೆ ಕೋಚಿಂಗಿಗೆ ಹಾಕಿದರೂ ಪರವಾಗಿಲ್ಲ, ಶಾಲೆ ಮಾತ್ರ ದಯವಿಟ್ಟು ಬದಲಿಸಬೇಡಿ. ನವೋದಯದಲ್ಲಿ ಕನಿಷ್ಠ ಶೇಕಡಾ 75ರಷ್ಟು ಸೀಟು ಗ್ರಾಮೀಣ ಮಕ್ಕಳಿಗೆ. ಆ ಕೋಟಾ ಸಿಗಬೇಕಾದರೆ 3, 4, 5ನೇ ತರಗತಿಗಳನ್ನು ಪೂರ್ತಿಯಾಗಿ ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿರಬೇಕು. ಈ ಮೂರು ವರ್ಷಗಳಲ್ಲಿ ಒಂದು ದಿನ ನಗರದ ಶಾಲೆಯಲ್ಲಿ ದಾಖಲಾಗಿದ್ದರೂ ನಗರದ ಅಭ್ಯರ್ಥಿ ಎಂದೇ ಪರಿಗಣಿಸುತ್ತಾರೆ. ಅರ್ಜಿ ಹಾಕುವ ಜಿಲ್ಲೆಯಲ್ಲೇ 5ನೇ ತರಗತಿ ಓದುತ್ತಿರಬೇಕು ಎಂಬ ನಿಯಮವೂ ಇದೆ. ಜೊತೆಗೆ ಈ ಪರೀಕ್ಷೆಯನ್ನು ಒಂದು ಮಗು ಒಂದೇ ಸಲ ಬರೆಯಬಹುದು. ನಾಲ್ಕು ಪದ ಹೆಚ್ಚು ಕಲಿಯಲೆಂದು ಪಟ್ಟಣದ ಶಾಲೆಗೆ ಸೇರಿಸಿ ಗ್ರಾಮೀಣ ಕೋಟಾ ಕಳೆದುಕೊಂಡ ಮನೆಗಳನ್ನು ನಾನು ಕಂಡಿದ್ದೇನೆ; ಆಮೇಲೆ ಅದನ್ನು ಸರಿಪಡಿಸುವ ದಾರಿ ಇರುವುದಿಲ್ಲ. ಈ ಸಾಲಿನ ಅಧಿಸೂಚನೆಯನ್ನು ನಿಮ್ಮ ಮುಖ್ಯಗುರುಗಳ ಜೊತೆ ಕೂತು ಒಮ್ಮೆ ಓದಿ, ಯಜಮಾನರನ್ನೂ ಕರೆದುಕೊಂಡು ಹೋಗಿ.

ಕೊನೆಯ ಎರಡು ವಾರ ಹೊಸ ಪದ ಬೇಡ. ಹಳೆಯ ಚೀಟಿಗಳು, ದಿನಕ್ಕೊಂದು ಗದ್ಯಭಾಗ ಸಾಕು. ಗದ್ಯಭಾಗದ ಪ್ರಶ್ನೆಗಳನ್ನು ಮೊದಲು ಒಮ್ಮೆ ಓದಿ, ಆಮೇಲೆ ಗದ್ಯ ಓದಲಿ. ಯಾವ ಪದದ ಅರ್ಥ ಕೇಳಿದ್ದಾರೆ ಎಂದು ಮೊದಲೇ ಗೊತ್ತಿದ್ದರೆ ಓದುವಾಗ ಆ ವಾಕ್ಯದ ಮೇಲೆ ಗಮನ ನಿಲ್ಲುತ್ತದೆ. ಸಮಾನಾರ್ಥಕ ಕೇಳಿದ್ದಾರೋ ವಿರುದ್ಧಾರ್ಥಕ ಕೇಳಿದ್ದಾರೋ ಎಂದು ಬೆರಳಿಟ್ಟು ನೋಡುವುದನ್ನು ಈಗಿನಿಂದಲೇ ರೂಢಿ ಮಾಡಿಸಿ. ಆಯ್ಕೆಗಳಲ್ಲಿ ಸರಿ ಉತ್ತರದ ಪಕ್ಕದಲ್ಲೇ ಅದರ ವಿರುದ್ಧ ಪದವನ್ನೂ ಇಟ್ಟಿರುತ್ತಾರೆ, ನಿಮ್ಮ ಹಾಳೆಯಲ್ಲಿ ಜೋರಿನ ಪಕ್ಕ ನಿಧಾನ ಇದ್ದಹಾಗೆ, ಅವಸರದ ಮಕ್ಕಳು ಅಲ್ಲಿ ಬೀಳುತ್ತಾರೆ. ನವೋದಯ ಪರೀಕ್ಷೆಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಆದ್ದರಿಂದ ಪದ ಗೊತ್ತೇ ಇಲ್ಲದಿದ್ದರೂ ವಾಕ್ಯದಲ್ಲಿ ಇಟ್ಟು ನೋಡಿ, ಹೊಂದದ್ದನ್ನು ಹೊಡೆದುಹಾಕಿ, ಉಳಿದದ್ದಕ್ಕೆ ಗುರುತು ಹಾಕಲಿ, ಯಾವ ಪ್ರಶ್ನೆಯನ್ನೂ ಖಾಲಿ ಬಿಡುವುದು ಬೇಡ.